ಕೊನೆಯ ಪ್ರಶ್ನೆಗೆ ಎಂಟರ್

ಅಚ್ಚುಮನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅವಳನ್ನು ಎಲ್ಲರೂ ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಶಾಖ ಅಳೆಯುವ ಸೆನ್ಸರ್ ಕಾಣುತ್ತಿಲ್ಲವೆಂದು ಅವಳು ಬಾಯಿ ಬಡಿದುಕೊಂಡರೂ ಯಜಮಾನ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪ್ಯೂಟರ್ ಕಾದು ಸುಟ್ಟುಹೋದಾಗ ಎಲ್ಲರೆದುರು, "ನಿನ್ನ ಅಸಡ್ಡೆ" ಎಂದು ಬೈದು ಕೆಲಸ ಬಿಡಿಸಿದ. ಅವಳ ಕುರ್ಚಿಗೆ ತನ್ನ ಭಾವಮೈದುನನನ್ನು ತಂದು ಕೂರಿಸಿದ.

ಹೊಸದಾಗಿ ತಂದ ಲಿನಕ್ಸ್ ಕಂಪ್ಯೂಟರಿನಲ್ಲೂ ಅದೇ ಗೋಳು. ಸಂಜೆ ಹುಡುಕಿದರೆ ಸಿಗುವ ಸೆನ್ಸರ್, ಬೆಳಗ್ಗೆ ಚಾಲೂ ಮಾಡಿದರೆ ಮಾಯ. ಯಜಮಾನ ಅವಳಿಗೇ ಫೋನ್ ಮಾಡಿದ.

"ತಪ್ಪು ನಂದಲ್ಲ ಅಂತ ಹೊರಗೆ ಎಲ್ಲರ ಮುಂದೆ ಹೇಳಿ," ಎಂದಳು ಬಂದವಳು.

ಆತ ಕೋಣೆಯ ಬಾಗಿಲು ಮುಚ್ಚಿ ಪಿಸುಗುಟ್ಟಿದ. "ತಪ್ಪಾಯ್ತಮ್ಮ. ಇಲ್ಲೇ ಹೇಳಿದೀನಲ್ಲ, ಸಾಕು ಬಿಡು."

"ಉಗಿಯೋದು ಬೀದೀಲಿ, ಒರೆಸೋದು ಕೋಣೇಲಾ?"

ಒಳಗೇ ಕುಳಿತಿದ್ದ ಭಾವಮೈದುನ ಸೆನ್ಸರ್ ಹುಡುಕುವ ಪ್ರೋಗ್ರಾಂ ಓಡಿಸಿ, ಅದು ಕೇಳಿದ್ದಕ್ಕೆಲ್ಲ ಓದದೆ ಎಂಟರ್ ಕುಟ್ಟಿದ. ಸೆನ್ಸರ್ ಸಿಕ್ಕಿತು. 'ಮುಂದಿನ ಸಲ ಚಾಲೂ ಮಾಡುವಾಗಲೂ ಸಿಗುವಂತೆ ಇದನ್ನು ನೆನಪಿಟ್ಟುಕೊಳ್ಳಲೇ?' ಎಂಬುದು ಪ್ರೋಗ್ರಾಮಿನ ಕೊನೆಯ ಪ್ರಶ್ನೆ. ಅಲ್ಲಿ 'ಹೌದು' ಎಂದು ಬರೆಯಬೇಕು. ಬರೀ ಎಂಟರ್ ಒತ್ತಿದರೆ 'ಬೇಡ' ಎಂದರ್ಥ.

"ಒತ್ತಲಾ ಅಕ್ಕಾ?"

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು.

"ಒತ್ತಪ್ಪ, ಧಾರಾಳವಾಗಿ ಒತ್ತು."

ಬಾಗಿಲು ಹಾರುಹೊಡೆದು ಹೊರಟಳು. ಬೆಳಗ್ಗೆ ಮತ್ತೆ ಫೋನ್ ಬರುತ್ತದೆ. ಆಗಿನ ಮಾತೆಲ್ಲ ಅಚ್ಚುಯಂತ್ರಗಳ ನಡುವೆ, ಎಲ್ಲರೆದುರೇ ಆಗಲಿ.