ಹಿತ್ತಲಿನ ಕಂಬ, ಮುಗಿಲಿನ ತೇವ

ಇವತ್ತು ಬೆಳಿಗ್ಗೆ ಸಾರಿಗೆ ಉಪ್ಪು ಹಾಕಲು ಭರಣಿಗೆ ಕೈ ಹಾಕಿದರೆ ಉಪ್ಪು ಬೆರಳಿಗೆ ಅಂಟಿಕೊಂಡು ಬಂತು. ಮಳೆ ಇನ್ನೂ ಬಂದಿಲ್ಲ, ಗಾಳಿ ಮಾತ್ರ ಆಗಲೇ ನೀರು ಹೊತ್ತು ನಿಂತಿದೆ. ಇಂಥ ಹೊತ್ತಿನಲ್ಲಿ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ನಮ್ಮ ಹಿತ್ತಲಿನ ಕಂಬ ನೆನಪಾಗುತ್ತದೆ.

ನಾನು ಗೌಂಡಿ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಕರಣಿ ಹಿಡಿದವನು. ಹಾನಗಲ್ಲು, ಸವಣೂರು, ಶಿಗ್ಗಾಂವಿ, ಅತ್ತ ಹಿರೇಕೆರೂರಿನವರೆಗೆ ನಾನು ಎಬ್ಬಿಸಿದ ಗೋಡೆ ಒಂದೂ ಬಾಗಿಲ್ಲ. ಇದು ಜಂಬವೆಂದರೆ ಜಂಬವೇ ಇರಲಿ. ಈಗಲೂ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನನ್ನ ಗೋಡೆಗಳ ಯೋಗಕ್ಷೇಮ ನೋಡಿಕೊಂಡೇ ಹೋಗುತ್ತೇನೆ.

ಆ ಕಂಬ ಕಟ್ಟಿಸಿದವರು ಧಾರವಾಡದ ಕಡೆಯಿಂದ ಬಂದ ಒಬ್ಬ ಸಂಶೋಧಕಿ ಮೇಡಂ. ಯಲವಿಗಿಯಲ್ಲಿ ರೈಲಿಳಿದು, ಬಸ್ಸು ಬದಲಿಸಿ ನಮ್ಮ ದುಂಡಸಿಗೆ ಬರುತ್ತಿದ್ದರು. ಉಪಗ್ರಹಗಳು ಕಳಿಸುವ ಸಂದೇಶ ಹಿಡಿಯುವ ಯಂತ್ರವನ್ನು ಕಂಬದ ನೆತ್ತಿಯ ಮೇಲೆ ಕೂಡಿಸಬೇಕಿತ್ತು. ಸಂದೇಶ ಗಾಳಿಯ ತೇವದಲ್ಲಿ ಹಾದು ಬರುವಾಗ ಕೂದಲೆಳೆಯಷ್ಟು ತಡವಾಗುತ್ತದಂತೆ. ಆ ತಡದ ಲೆಕ್ಕ ಕಟ್ಟಿದರೆ ಮೇಲೆ ಎಷ್ಟು ನೀರಿನ ಆವಿ ಇದೆಯೆಂದು ತಿಳಿಯುತ್ತದಂತೆ. ನನಗೆ ಹೇಳಿದ್ದು ಒಂದೇ ಮಾತು: ಕಂಬ ಅಲ್ಲಾಡಬಾರದು. ಗಟ್ಟಿ ಕಲ್ಲು ಸಿಗುವವರೆಗೆ ತೋಡಿ, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕಿದೆ. ಗೋಣಿತಟ್ಟು ಸುತ್ತಿದ ಆ ಕಂಬಕ್ಕೆ ನನ್ನ ಹೆಂಡತಿ ಕೂಸಿಗೆ ಎರೆದಂತೆ ನೀರೆರೆದಳು.

ಬೇಸಿಗೆ ಸುಮ್ಮನೆ ಕಳೆಯಿತು. ಮಳೆಗೆ ಮುಂಚೆ, ಇಂಥದೇ ದಿನಗಳಲ್ಲಿ, ಮೇಡಂ ಬಂದು ಕಟ್ಟೆಯ ಮೇಲೆ ಕುಂತರು. ಚಹಾ ಮುಟ್ಟಲಿಲ್ಲ. ಅದೇ ಸಂದೇಶಗಳಿಂದ ಕಂಬದ ಎತ್ತರವನ್ನೂ ಲೆಕ್ಕ ಹಾಕುತ್ತಾರಂತೆ; ಅದು ದಿನಕ್ಕೊಂದು ಬರುತ್ತಿದೆ ಎಂದರು.

"ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬುನಾದಿ ಏನರ ಕುಸಿದೈತೇನು ನೋಡ್ರಿ. ಹಂಗಿದ್ರ ಯಂತ್ರ ಬ್ಯಾರೆ ಕಡೆ ಒಯ್ಯಬೇಕಾಗ್ತೈತ್ರಿ."

ಯಂತ್ರ ಹೋದರೆ ಹೋಗಲಿ. ಈ ಗೌಂಡಿಯ ಕಂಬ ಕುಸಿಯಿತು ಎಂಬ ಮಾತು ಶಿಗ್ಗಾಂವಿ ಸಂತೆ ಮುಟ್ಟಿದರೆ ಆಮೇಲೆ ನನ್ನನ್ನು ಗೋಡೆ ಕಟ್ಟಲು ಯಾರು ಕರೆದಾರು?

ಅವತ್ತಿನಿಂದ ಅನ್ನ ಸೇರಲಿಲ್ಲ. ತೂಗುಗುಂಡು ಬಿಟ್ಟು ನೋಡಿದೆ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುವ ಮಟ್ಟದ ಪೈಪಿನ ಒಂದು ತುದಿಯನ್ನು ಬಾವಿಕಟ್ಟೆಗೆ ಹೆಂಡತಿ ಹಿಡಿದರೆ, ಇನ್ನೊಂದನ್ನು ಕಂಬಕ್ಕೆ ನಾನು ಹಿಡಿದೆ. ಪೈಪಿನ ನೀರು ಕಂಬ ಕಟ್ಟಿದಾಗ ಹಾಕಿದ್ದ ಗುರುತು ಬಿಟ್ಟು ಸರಿಯಲಿಲ್ಲ. ಆದರೂ ಸಮಾಧಾನವಿಲ್ಲ. ಬಾವಿಯೂ ಕಂಬವೂ ಕೂಡಿಯೇ ಇಳಿದಿದ್ದರೆ? ಮತ್ತೆ ಹಿಡಿ ಅಂದೆ. ಆಕೆ ಕೈಸೋತು ಅಂದಳು:

"ಕಂಬ ನಿಂತೈತ್ರಿ. ಅಲ್ಲಾಡಾಕತ್ತಿದ್ದು ನೀವು."

ಮಳೆ ಹಿಡಿದ ಮೇಲೆ ಮೇಡಂ ಕೊಡೆ ಮಡಚುತ್ತ ಬಂದರು. ಮುಖ ಬೇರೆಯಾಗಿತ್ತು. ಕಂಬದ ಎತ್ತರ ಲೆಕ್ಕ ಹಾಕುವಾಗ ಅವರು ಗಾಳಿಯ ತೇವವನ್ನು ಎಲ್ಲ ದಿನಕ್ಕೂ ಒಂದೇ ಎಂದು ಹಿಡಿದಿದ್ದರಂತೆ. ತಲೆಯ ಮೇಲಿನ ಉಪಗ್ರಹದ ಸಂದೇಶಕ್ಕೆ ಗಾಳಿಯಲ್ಲಿ ದಾರಿ ಕಡಿಮೆ, ದಿಗಂತದ ಕಡೆಯಿಂದ ಓರೆಯಾಗಿ ಬರುವುದಕ್ಕೆ ಹೆಚ್ಚು. ಎರಡನ್ನೂ ಹೋಲಿಸಿ ತೇವದ ಲೆಕ್ಕವನ್ನು ಆಗಿಂದಾಗ ಹೊಸದಾಗಿ ಕಟ್ಟಿದಾಗ ಕಂಬದ ಕುಣಿತ ನಿಂತಿತು.

"ನಿಮ್ಮ ಕಂಬ ನಿಂತಲ್ಲೇ ನಿಂತೈತ್ರಿ ಕಾಕಾ. ಮ್ಯಾಲಿನ ತೇವ ನಾವು ಸರಿ ಹಿಡಿದಿದ್ದಿಲ್ಲ."

"ನನಗ ಗೊತ್ತಿತ್ರಿ," ಅಂದೆ, ಮೀಸೆ ತಿರುವುತ್ತ.

ಅಡುಗೆಮನೆಯಿಂದ ಹೆಂಡತಿ ಕೆಮ್ಮಿದಳು. ನೆಗಡಿಯ ಕೆಮ್ಮಲ್ಲ ಅದು.

ಕೆಲಸ ಮುಗಿದು ಮೇಡಂ ಯಂತ್ರ ಒಯ್ದರು. ಖಾಲಿ ನೆತ್ತಿಯ ಮೇಲೆ ಹೆಂಡತಿ ಗುಬ್ಬಿಗಳಿಗೆ ನೀರಿಡುತ್ತಿದ್ದಳು. ಆಕೆ ಹೋಗಿ ವರ್ಷವಾಗುತ್ತ ಬಂತು. ಬಟ್ಟಲಿಗೆ ಈಗ ನಾನು ನೀರು ಹಾಕುತ್ತೇನೆ, ನೆನಪಾದಾಗ.

ಇವತ್ತು ಬೆರಳಿನ ಉಪ್ಪು ಝಾಡಿಸಿ, ಅಟ್ಟದಿಂದ ಪೈಪು ಇಳಿಸಿದೆ. ಅದಕ್ಕೆ ಇಬ್ಬರು ಬೇಕು. ಬಾವಿಕಟ್ಟೆಯ ತುದಿಯನ್ನು ಹಗ್ಗದಿಂದ ಬಿಗಿದು, ಈ ತುದಿ ಹಿಡಿದು ಕಾದೆ. ಒಳಗಿನ ನೀರು ಏರಿಳಿದು, ಏರಿಳಿದು, ಹಳೆಯ ಗುರುತಿಗೇ ಬಂದು ನಿಂತಿತು.

"ನನಗ ಗೊತ್ತಿತ್ತು," ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

ಅಡುಗೆಮನೆಯ ಕಡೆ ಕಿವಿಗೊಟ್ಟು ಇನ್ನೂ ಸ್ವಲ್ಪ ಹೊತ್ತು ನಿಂತೆ.