ಕಲ್ಲೆಸೆದವರು ಅವರಲ್ಲ

ನಾನು ಪೊಲೀಸ್ ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ, ಸೂಳೆಕೆರೆ ನಾಲೆಯ ದಂಡೆಯಲ್ಲಿ ನನ್ನ ಎಡ ಮುಂಗೈ ಮುರಿಯಿತು. ನೀರು ಬಿಟ್ಟ ವಾರ ಅದು. ಮೇಲಿನ ಊರಿನವರು ನಾಲೆಗೆ ಮರಳಿನ ಚೀಲ ಅಡ್ಡ ಇಟ್ಟಿದ್ದಾರೆ, ಕೊನೆಯ ಗದ್ದೆಗಳಿಗೆ ನೀರು ಬರುತ್ತಿಲ್ಲ ಎಂದು ಜಗಳ. ನಾವು ಆರು ಜನ ಹೋಗಿದ್ದೆವು. ಜಗಳದಲ್ಲಿ ಹೆಂಗಸರೂ ಸೇರಿದ್ದರಿಂದ ಮಹಿಳಾ ಪೇದೆಯಾದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕೈಕೈ ಮಿಲಾಯಿಸಿದ್ದ ಇಬ್ಬರನ್ನು ಬಿಡಿಸುತ್ತಿದ್ದಾಗ ಕಲ್ಲು ಬಂತು. ಮುಖ ಉಳಿಸಿಕೊಳ್ಳಲು ಕೈ ಅಡ್ಡ ಹಿಡಿದೆ. ಎಸೆದವನನ್ನು ನೋಡಿದೆ: ಹಸಿರು ಟೀ ಶರ್ಟಿನ, ದಪ್ಪ ಮೀಸೆಯ ಗಂಡಸು. ಬೈಕ್ ಹತ್ತಿ ಹೋಗಿಬಿಟ್ಟ.

ನನ್ನ ಕೈಯ ರಕ್ತ ನೋಡಿ ನಮ್ಮವರಿಗೆ ತಲೆ ಕೆಟ್ಟಿತು. ಎದುರಿಗೆ ಸಿಕ್ಕವರಿಗೆಲ್ಲ ಲಾಠಿ ಬಿತ್ತು. ಸಲಿಕೆ ಹಿಡಿದು ನಿಂತಿದ್ದ, ಐವತ್ತು ದಾಟಿದ ರೈತರೊಬ್ಬರನ್ನು, ನೆಲಕ್ಕೆ ಬಿದ್ದ ಮೇಲೂ ಇಬ್ಬರು ಹೊಡೆದರು. "ಸಾಕು ಸರ್" ಎಂದು ನಾನು ಕೂಗಬಹುದಿತ್ತು. ಕೂಗಲಿಲ್ಲ. ಹೊಡೆಯಲಿ ಎಂದು ಒಳಗೆಲ್ಲೋ ಅನಿಸಿತ್ತು.

ಆಸ್ಪತ್ರೆಯಲ್ಲಿ ಆ ರೈತರಿಗೂ ನನಗೂ ಒಂದೇ ಬೆಂಚು. ಅವರ ಮೊಣಕಾಲು ಊದಿತ್ತು. ಪಕ್ಕದಲ್ಲಿ ಅವರ ಹೆಂಡತಿ.

"ಕೈ ಮುರಿದೈತೇನವ್ವ?" ಎಂದು ಆಕೆ ಕೇಳಿದರು. ಹೂಂ ಎಂದೆ. "ನಿಂಗೆ ಕಲ್ಲು ಹೊಡೆದೋನ ಕೈ ಸೇದೋಗ್ಲಿ. ಆದ್ರೆ ನಮ್ಮೆಜಮಾನ್ರು ಏನ್ ಮಾಡಿದ್ರು ಹೇಳು?"

"ಸುಮ್ನಿರು, ಆ ಹುಡುಗಿನೂ ನೋವು ತಿಂದೈತೆ," ಎಂದು ಅವರು ಹೆಂಡತಿಯನ್ನು ತಡೆದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಕಣ್ಣಾರೆ ನೋಡೀರಿ ಮೇಡಂ. ನೋಡಿದ್ದನ್ನ ಹೇಳ್ರಿ, ಬೇರೆ ಏನೂ ಬ್ಯಾಡ," ಎಂದರು.

ಅಷ್ಟರಲ್ಲಿ ಮೊಬೈಲುಗಳಲ್ಲಿ ಎರಡು ವಿಡಿಯೋ ಹರಿದಾಡುತ್ತಿದ್ದವು. ಒಂದರಲ್ಲಿ ನನಗೆ ಕಲ್ಲು ಬೀಳುತ್ತಿತ್ತು, ಇನ್ನೊಂದರಲ್ಲಿ ಅವರಿಗೆ ಲಾಠಿ. ಒಂದನ್ನು ನೋಡಿದವರು ಇನ್ನೊಂದನ್ನು ನೋಡಿದಂತಿರಲಿಲ್ಲ.

ಸಂಜೆ ನಮ್ಮ ಠಾಣೆಯ ಎಎಸ್‌ಐ ನನ್ನ ಹೇಳಿಕೆ ಬರೆದುಕೊಳ್ಳಲು ಬಂದರು. ಅವರು ತಂದ ಕಾಗದದಲ್ಲಿ ಕಲ್ಲೆಸೆದವರ ಜಾಗದಲ್ಲಿ ಆ ರೈತರ ಹೆಸರು ಆಗಲೇ ಇತ್ತು.

"ಇವ್ರಲ್ಲ ಸರ್," ಎಂದೆ.

"ಅವ್ರ ಪರ ಮಾತಾಡ್ತೀಯೇನಮ್ಮ? ಹಿಂಗೆ ಬಿಟ್ರೆ ನಾಳೆ ಯಾರು ಬೇಕಾದ್ರೂ ಹೊಡೀತಾರೆ. ಆಮೇಲೆ ಡ್ಯೂಟಿ ಮಾಡಾಕೆ ಆಗ್ತೈತೇನು?"

ಅವರ ಮಾತು ಪೂರ್ತಿ ಸುಳ್ಳಲ್ಲ. ಹಳೆಯ ಗಲಾಟೆಯೊಂದರಲ್ಲಿ ಬಿದ್ದ ಹೊಲಿಗೆಯ ಗುರುತು ಅವರ ಹಣೆಯ ಮೇಲೇ ಇತ್ತು. "ಹೊಡೆದೋನನ್ನ ಹಿಡೀರಿ ಸರ್, ನಾನೇ ಗುರುತಿಸ್ತೀನಿ. ಇವ್ರನ್ನ ಬಿದ್ದ ಮೇಲೂ ಹೊಡೆದ್ರು, ಅದನ್ನೂ ಬರ್ಕೊಳ್ರಿ," ಎಂದೆ. ಅವರು ಪೆನ್ನು ಜೇಬಿಗಿಟ್ಟು ಎದ್ದುಹೋದರು. ಮರುದಿನ ಬಂದು ನಾನು ಹೇಳಿದಂತೆಯೇ ಬರೆದುಕೊಂಡರು. ಮನಸ್ಸು ಯಾಕೆ ಬದಲಾಯಿತೋ, ನಾನು ಕೇಳಲಿಲ್ಲ.

ರೈತರ ಹೆಸರು ಕೇಸಿನಿಂದ ಹೋಯಿತು. ಕಲ್ಲೆಸೆದವನು ಹೊನ್ನಾಳಿಯ ನೆಂಟರ ಮನೆಯಲ್ಲಿ ಸಿಕ್ಕ. ಕೋರ್ಟಿನಲ್ಲಿ ಅವನನ್ನು ಗುರುತಿಸಿದೆ. ಹೊಡೆದ ಇಬ್ಬರ ಮೇಲೆ ಇಲಾಖೆಯ ವಿಚಾರಣೆ ನಡೆದು, ಬಡ್ತಿ ತಡವಾಯಿತು. ಕೆಲವು ತಿಂಗಳು ಠಾಣೆಯಲ್ಲಿ ಯಾರೂ ನನ್ನನ್ನು ಟೀಗೆ ಕರೆಯಲಿಲ್ಲ. ಒಂದು ದಿನ ಆ ಇಬ್ಬರಲ್ಲಿ ಒಬ್ಬರು ಬಂದು ಪಕ್ಕ ಕೂತರು.

"ನೀನು ಕೈ ಹಿಡ್ಕಂಡು ಕೂತಿದ್ದು ನೋಡಿ ನಮ್ಮ ತಂಗಿ ನೆನಪಾದ್ಲು ಕಣಮ್ಮ. ಆಮೇಲೆ ಕೈ ನಿಲ್ಲಲಿಲ್ಲ."

"ಅದನ್ನ ಆ ರೈತ್ರಿಗೆ ಹೇಳ್ರಿ ಸರ್."

ಭಾನುವಾರ ಅವರ ಗದ್ದೆಗೇ ಹೋಗಿ ಬಂದರಂತೆ. ರೈತರು ಅರ್ಧ ಗಂಟೆ ಭತ್ತದ ತಳಿಯ ಬಗ್ಗೆಯೇ ಮಾತಾಡಿ, ಕೊನೆಗೆ "ಊಟ ಮಾಡ್ಕಂಡು ಹೋಗ್ರಿ" ಎಂದರಂತೆ.

ಈಗ ನನ್ನ ಡ್ಯೂಟಿ ಸಾಸ್ವೆಹಳ್ಳಿ ಕಡೆ. ಗುಂಪು ಕಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ, ಆದರೂ ಈ ಕೆಲಸ ನನಗೆ ಇಷ್ಟ. ಹೋದ ತಿಂಗಳು ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಹೋಗಿದ್ದೆ. ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಒಂದು ಗಂಟೆ ಕೇಳಿಸಿಕೊಂಡೆ. ಅಣ್ಣನ ಹೆಂಡತಿ ಮಂಡಕ್ಕಿ ಕಲಸಿ ತಂದಳು. ಅಣ್ಣತಮ್ಮ ಒಂದೇ ತಟ್ಟೆಗೆ ಕೈ ಹಾಕಿದರು, ನಾನೂ ಒಂದು ಹಿಡಿ ತಿಂದು ಬಂದೆ.