ಎಲೆತೋಟದ ಕಾಕಾ ಮತ್ತು ದ್ವೀಪದ ಬಾವಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರ ಜಾತಿಗೆ ಸೇರಿದ್ದೇ ಅಲ್ಲ. ಉದ್ದ, ದಪ್ಪ, ಅಂಚಿನಲ್ಲಿ ಕಪ್ಪುಹಸಿರು. ಜೀವನವಿಡೀ ವೀಳ್ಯದೆಲೆಯ ತೊಟ್ಟು ಚಿವುಟಿದ ಉಗುರು ಅದು. ಸವಣೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಅವರ ಎಲೆತೋಟ. ಅಪ್ಪನಿಗೆ ಗೆಳೆಯ, ನನಗೆ ಕಾಕಾ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ. ಓಣಿಯವರ ಜೊತೆ ಕನ್ನಡ, ಎಲೆ ಕೊಳ್ಳುವ ವ್ಯಾಪಾರಿಗಳ ಜೊತೆ ಥೇಟ್ ಸವಣೂರಿನ ಉರ್ದು. ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಬಂದವರು ಎಂಥ ಸಾಹೇಬರೇ ಆಗಿರಲಿ, ಬೈಗುಳ ತಪ್ಪುತ್ತಿರಲಿಲ್ಲ. ನಾನೂ ಸಾಕಷ್ಟು ಬೈಸಿಕೊಂಡಿದ್ದೇನೆ.

ಪಿಎಚ್‌.ಡಿ.ಗೆ ನಾನು ಆರಿಸಿಕೊಂಡದ್ದು ಅಂಡಮಾನಿನ ಒಂದು ಪುಟ್ಟ ದ್ವೀಪ. ಪ್ರವಾಸಿಗರು ಮುತ್ತಿದ ಮೇಲೆ ಅಲ್ಲಿನ ಜನರ ಬದುಕು, ನೀರು, ಕಾಡು ಏನಾದವು ಎಂಬುದು ವಿಷಯ. “ಸುತ್ತೂಕಡೆ ಸಮುದ್ರ ಐತಿ, ನೀರಿಂದೇನ್ ಅಭ್ಯಾಸ ಮಾಡ್ತಿ ಬೇ?” ಎಂದು ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವ ದಿನ ಮಾತ್ರ ಒದ್ದೆ ಅರಿವೆಯಲ್ಲಿ ಸುತ್ತಿದ ಒಂದು ಕಟ್ಟು ಎಲೆ ತಂದು ನನ್ನ ಚೀಲಕ್ಕೆ ತುರುಕಿದರು. “ಬರಿಗೈಲೆ ಯಾರ ಮನಿಗೂ ಹೋಗಬ್ಯಾಡ.”

ನನ್ನ ಉದ್ದದ ಪ್ರಶ್ನಾವಳಿಗೆ ದ್ವೀಪದವರದು ಒಂದೇ ಉತ್ತರ: “ಸಬ್ ಠೀಕ್ ಹೈ.” ಅಲ್ಲಿಗೆ ಹೋದ ಮೂರನೇ ದಿನ ಒಬ್ಬ ಹೆಂಗಸಿನ ಮನೆಯಲ್ಲಿ ಎಲೆಯ ಕಟ್ಟು ಬಿಚ್ಚಿದೆ. ಆಕೆ ಒಂದೆಲೆ ಮೂಸಿ ನೋಡಿ, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದ ಬಳ್ಳಿ. ಎಲೆಗಳ ತುದಿ, ಅಂಚು ಸುಟ್ಟಂತೆ ಕಂದಾಗಿದ್ದವು. ಇದಕ್ಕೇನು ಮಾಡಲಿ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಅಧ್ಯಯನಕ್ಕೆ ಬಂದವಳು, ನನಗದೆಲ್ಲ ಗೊತ್ತಿಲ್ಲ ಎಂದೆ. ಆಕೆ ಮಡಿಸಿಕೊಟ್ಟ ಎಲೆ ಹಾಕಿಕೊಂಡು ಎದ್ದುಬಂದೆ.

ಊರಿಗೆ ಮರಳಿ ಇದನ್ನು ತಮಾಷೆಯಾಗಿ ಹೇಳಿದರೆ ಕಾಕಾ ನಗಲಿಲ್ಲ. ಕಟ್ಟುತ್ತಿದ್ದ ಎಲೆ ಕೆಳಗಿಟ್ಟರು.

“ಆಕೀ ಕೈಯಾಗಿನ ಎಲಿ ತಿಂದಿ?”

“ಹೂಂನ್ರಿ ಕಾಕಾ.”

“ತಿಂದು, ಗೊತ್ತಿಲ್ಲಂತ ಹೇಳಿ ಎದ್ದು ಬಂದಿ? ನಾಚಿಕಿ ಬರಂಗಿಲ್ಲೇನ? ಎಲಿ ತಗೊಂಡ್ರ ಕೆಲಸಾ ಒಪ್ಕೊಂಡಂಗ. ಹಚ್ಚು ಫೋನ್!”

ನಮ್ಮ ಕಡೆ ಮದುವೆಯ ಮಾತಿರಲಿ, ಹೊಲದ ಕೆಲಸವಿರಲಿ, ಎಲೆ-ಅಡಿಕೆ ಕೈಗೆ ಬಂತೆಂದರೆ ಮಾತು ಕೊಟ್ಟಂತೆ. ಈ ನಿಯಮ ಸಮುದ್ರದಾಚೆಗೂ ನಡೆಯುತ್ತದೆಂದು ನನಗೆ ಹೊಳೆದಿರಲಿಲ್ಲ.

ಆಕೆಗೆ ವಿಡಿಯೊ ಕರೆ ಮಾಡಿದೆ. “ಬಹನ್, ಪತ್ತಾ ದಿಖಾವ್,” ಎಂದರು ಕಾಕಾ. ಆಕೆ ಒಂದೆಲೆ ಹಿಡಿದು ತೋರಿಸಿದಳು. ಕನ್ನಡಕ ಏರಿಸಿ ನೋಡಿ ನನ್ನತ್ತ ತಿರುಗಿದರು: “ರೋಗ ಅಲ್ಲ ಬೇ. ಬಾವ್ಯಾಗ ಉಪ್ಪು ಬಂದೈತಿ.” ಅಂದಿನಿಂದ ದಿನಾ ಮಧ್ಯಾಹ್ನ ಇಬ್ಬರ ಮಾತು. ಸೂರಿನ ಮಳೆನೀರು ಹಿಡಿದು ಬಳ್ಳಿಗೆ ಹಾಕು, ಬಾವಿಗೆ ಸ್ವಲ್ಪ ವಿಶ್ರಾಂತಿ ಕೊಡು ಎಂದು ಕಾಕಾ ತಮ್ಮ ಉರ್ದುವಿನಲ್ಲಿ ಕಲಿಸಿದರು. ಐದನೆಯ ದಿನ, ಒಟ್ಟು ಎಷ್ಟು ನೀರು ಎತ್ತುತ್ತೀರಿ ಎಂದು ಕೇಳಿದರು. ಆಕೆ ಮುಖ ತಿರುಗಿಸಿದಳು. ರೆಸಾರ್ಟಿನ ಈಜುಕೊಳಕ್ಕೆ ತನ್ನ ಗಂಡನೇ ಆ ಬಾವಿಯಿಂದ ಬೆಳಿಗ್ಗೆ ಸಂಜೆ ಟ್ಯಾಂಕರ್ ತುಂಬಿ ಮಾರುತ್ತಾನೆ ಎಂದಳು.

ಅಯ್ಯೋ ದೇವರೇ! ರೆಸಾರ್ಟಿನವರು ಬಡವರ ನೀರು ಕಸಿದರು ಎಂದು ಆಗಲೇ ಒಂದು ಅಧ್ಯಾಯ ಬರೆದಿಟ್ಟಿದ್ದೆ. ಈಗ ನಿಜ ಸಿಕ್ಕಿತ್ತು. ಫೋನ್ ಇಟ್ಟೊಡನೆ ಪೆನ್ನು ತೆಗೆದೆ. ಕಾಕಾ ನನ್ನ ನೋಟ್‌ಬುಕ್ಕನ್ನೇ ಮುಚ್ಚಿಬಿಟ್ಟರು.

“ಆಕಿ ಬಳ್ಳಿ ಉಳೀಲಂತ ನನಗ ಹೇಳ್ಯಾಳ. ನಿನ್ನ ಪುಸ್ತಕಕ್ಕಂತ ಹೇಳಿಲ್ಲ. ಹೋಗಿ ಕೇಳು. ಬ್ಯಾಡಂದ್ರ ಬಿಡು.”

“ಬಿಟ್ರ ನನ್ನ ಪ್ರಬಂಧದಾಗ ಏನ್ ಉಳೀತೈತ್ರಿ? ನಾಕು ವರ್ಷದ ದುಡಿಮಿ!”

“ಏನೂ ಉಳ್ಯೂದಿಲ್ಲ. ಅದಕ್ಕ ಕದ್ದು ಬರೀತೀಯೇನ?”

ಎಂಟು ದಿನ ತೋಟದ ಕಡೆ ಮುಖ ಹಾಕಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಆಮೇಲೆ ದ್ವೀಪಕ್ಕೆ ಹೋದೆ. ಬರೆದುಕೊಳ್ಳಲೇ ಎಂದು ಕೇಳಿ, ಆಕೆಯ ಉತ್ತರಕ್ಕೆ ಎರಡು ದಿನ ಕಾದೆ. ಮೂರನೆಯ ದಿನ ಆಕೆಯೇ ಬಂದಳು. “ಬರಿ. ಆದರೆ ಅವರು ಕಸಿದುಕೊಂಡರು ಅಂತ ಬರೆಯಬೇಡ. ನಾವೇ ಕೊಟ್ಟೆವು. ಈಗ ನಿಲ್ಲಿಸಿದ್ದೇವೆ, ಅದನ್ನೂ ಬರಿ,” ಎಂದಳು. ಜೊತೆಗೆ ನೆರೆಮನೆಯವರನ್ನೂ ಕರೆತಂದಿದ್ದಳು. ಅವರ ಬಾವಿಗಳದೂ ಅದೇ ಕತೆ. ಪ್ರಶ್ನಾವಳಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಪ್ರಬಂಧ ಅಚ್ಚಿಗೆ ಹೋಗುವ ಮುಂಚೆ ಕಾಕಾ ತೀರಿಕೊಂಡರು. ಬೆಳಿಗ್ಗೆ ತೋಟಕ್ಕೆ ಹೋದವರು ಬಳ್ಳಿಗಳ ಸಾಲಿನಲ್ಲೇ ಕುಸಿದಿದ್ದರು. ನಾನು ಅವ್ವನ ಸೆರಗು ಹಿಡಿದು ಮಗುವಿನ ಹಾಗೆ ಅತ್ತೆ. ಪದವಿ ಕೊಟ್ಟದ್ದು ವಿಶ್ವವಿದ್ಯಾಲಯ. ಕೇಳುವುದು ಹೇಗೆಂದು ಕಲಿಸಿದವರು ಅವರು.

ಮಣ್ಣು ಮುಗಿಸಿ ಬಂದ ಮೇಲೆ ದ್ವೀಪಕ್ಕೆ ಫೋನ್ ಮಾಡಿ ಸುದ್ದಿ ತಿಳಿಸಿದೆ. ಆಕೆ ಅಳತೊಡಗಿದಳು. ಕೊನೆಗೆ ಹೇಳಿದಳು: “ಭಾಯಿಸಾಬರಿಗೂ ನಿನಗೂ ನಾನು ಸುಳ್ಳು ಹೇಳಿದ್ದೆ. ಟ್ಯಾಂಕರ್ ನಿಂತಿಲ್ಲ. ಸಂಜೆಯದು ಇನ್ನೂ ಹೋಗುತ್ತದೆ. ನಿಲ್ಲಿಸಿದಿರಾ ಎಂದು ಅವರು ಅಷ್ಟು ಅಕ್ಕರೆಯಿಂದ ಕೇಳುತ್ತಿದ್ದರಲ್ಲ, ಇಲ್ಲ ಎನ್ನಲು ಬಾಯಿ ಬರಲಿಲ್ಲ.”

ಪೆನ್ನು ಮೇಜಿನ ಮೇಲೇ ಇತ್ತು. ನಾನು ಮುಟ್ಟಲಿಲ್ಲ.

“ಇದನ್ನು ಬರೆಯಲೇ?” ಎಂದು ಕೇಳಿದೆ.

ಆಕೆ ಅಳುತ್ತಲೇ, “ಬರಿ,” ಎಂದಳು. ಆ ಅಧ್ಯಾಯವನ್ನು ಮೊದಲಿನಿಂದ ಮತ್ತೆ ಬರೆದೆ.